ಮರಿಲಿಂಗಪ್ಪನಿಗೆ ಸಿಕ್ಕ ಮಗ

"ಚೀಲ ಉಸಿರಾಡಾಕತ್ತದೇನು?"

ಸಾಯಬಮ್ಮ ಬಟ್ಟೆ ಒಗೆಯುವ ಬಂಡೆಯ ಮೇಲಿಂದಲೇ ಕೇಳಿದಳು. ಕೃಷ್ಣೆಯ ದಂಡೆಯಲ್ಲಿ ಅಮರಪ್ಪ ಹೊಟ್ಟು ತುಂಬಿದ ಚೀಲವನ್ನು ಬೋರಲು ಹಾಕಿ, ಮಂಡಿಯೂರಿ ಒತ್ತುತ್ತಿದ್ದ. ಅವನು ತಲೆ ಎತ್ತಲಿಲ್ಲ, ಆದರೆ ಎಣಿಕೆ ತಪ್ಪಿತು.

ನಿಜಾಮನ ಆಳ್ವಿಕೆ ಹೋಗಿ ಎರಡು ವರ್ಷವಾಗಿತ್ತು. ಹರಗೋಲು ನಡೆಸುವವರಿಗೆ ಮುಳುಗಿದವರನ್ನು ಬದುಕಿಸುವುದನ್ನು ಕಲಿಸಲೆಂದು ಸುರಪುರದಿಂದ ಕಂಪೌಂಡರ್ ರಾಜಾಸಾಬರು ಬಂದಿದ್ದರು. ಬದುಕಿರುವಾಗಲೇ ಹೆಣದ ಹಾಗೆ ಮಲಗಲು ಒಬ್ಬ ಗಂಡಸೂ ಒಪ್ಪಲಿಲ್ಲ. ಅದಕ್ಕೇ ಈ ಚೀಲ.

"ಎರಡು ಎಣಿಸೋತನಕ ಒತ್ತು, ಮೂರು ಎಣಿಸೋತನಕ ಬಿಡು," ಎಂದರು ರಾಜಾಸಾಬರು. "ತಾಸು ಹಿಡೀಲಿ, ನಿಲ್ಲಿಸಬ್ಯಾಡ. ಆ ತಿಗರಿ ಆಟ ಇನ್ನ ಬಂದ್."

ಮುಳುಗಿದವರನ್ನು ಕುಂಬಾರನ ತಿಗರಿಯ ಮೇಲೆ ಮಲಗಿಸಿ, ಗರಗರ ತಿರುಗಿಸಿ ನೀರು ಕಕ್ಕಿಸುವುದು ಊರಿನ ರೂಢಿ. ಸಾಯಬಮ್ಮನ ಅಪ್ಪ ಮರಿಲಿಂಗಪ್ಪ ಆ ದಂಡೆಯ ಹಿರಿಯ ಅಂಬಿಗ. ಅವನಂತೂ ಪಾಠದ ಕಡೆ ಮುಖ ಹಾಕಲಿಲ್ಲ. "ನನಗ ಹೊಳಿ ಕಲಿಸ್ಯಾದ. ಕಂಪೌಂಡರ್ ಏನು ಕಲಿಸ್ತಾನ?" ಎಂದು ಮೀಸೆ ತಿರುವಿದ.

ಸಂಜೆ ಬಟ್ಟೆಯ ಬುಟ್ಟಿ ಎತ್ತಿಕೊಡುವ ನೆವದಲ್ಲಿ ಅಮರಪ್ಪ ಹತ್ತಿರ ಬಂದ.

"ನೀ ಅಲ್ಲಿ ಕುಂತರ ನನಗ ಎಣಿಕಿ ಹತ್ತಂಗಿಲ್ಲ."

"ಹಂಗಾದ್ರ ನಾ ಎಣಿಸ್ಲೇನು?"

ಅವನು ನಕ್ಕ. ಬುಟ್ಟಿಯ ಅಂಚಿನಲ್ಲಿ ಬೆರಳಿಗೆ ಬೆರಳು ತಗಲಿತು. ಬುಟ್ಟಿ ಬಿಡುವ ಅವಸರ ಇಬ್ಬರಿಗೂ ಇರಲಿಲ್ಲ.

"ಕಾರಹುಣ್ಣಿಮಿ ಮುಗೀಲಿ," ಅಂದ ಅಮರಪ್ಪ. "ಅವ್ವನ್ನ ನಿಮ್ಮ ಮನಿಗಿ ಹೆಣ್ಣು ಕೇಳಾಕ ಕಳಸ್ತೀನಿ."

ಅಂದಿನಿಂದ ಸಾಯಬಮ್ಮನಿಗೆ ರೊಟ್ಟಿ ಬಡಿಯುವಾಗಲೂ ನಗು. ಅಪ್ಪನ ಕಣ್ಣಿಗೆ ಅದು ಬೀಳದ್ದು ಅವಳ ಪುಣ್ಯ.

ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಹೊಳೆಗೆ ಹೊಸ ನೀರು ಬಂತು. ಮರಿಲಿಂಗಪ್ಪನ ಹರಗೋಲು ಸುಳಿಗೆ ಸಿಕ್ಕು ಮಗುಚಿತು. ಅಮರಪ್ಪ ಈಜಿ ಹೋಗಿ ಅವನನ್ನು ಎಳೆದು ತಂದಾಗ ಉಸಿರಿರಲಿಲ್ಲ.

"ತಿಗರಿ ಕಡಿ ಒಯ್ಯರಿ," ಎಂದು ಯಾರೋ ಕೂಗಿದರು. ಇಬ್ಬರು ಆಗಲೇ ಕಾಲು ಹಿಡಿದಿದ್ದರು.

"ನಮ್ಮಪ್ಪನ್ನ ಯಾರೂ ಮುಟ್ಟಬ್ಯಾಡ್ರಿ," ಎಂದಳು ಸಾಯಬಮ್ಮ. "ಅಮರಪ್ಪ, ನೀ ಒತ್ತು. ನಾ ಎಣಸ್ತೀನಿ."

ಅವಳು ಎಣಿಸಿದಳು, ಅವನು ಒತ್ತಿದ. ಅವಳ ದನಿ ಒಡೆಯಿತು, ಎಣಿಕೆ ತಪ್ಪಲಿಲ್ಲ. "ಸಾಕು ಬಿಡಪಾ, ಹೋಗ್ಯಾನ" ಎಂದು ಜನ ಅನ್ನತೊಡಗಿದ ಮೇಲೂ ಅವನು ಬಹಳ ಹೊತ್ತು ಒತ್ತಿದ. ಕೊನೆಗೆ ಮರಿಲಿಂಗಪ್ಪ ನೀರು ಕಕ್ಕಿದ, ಕೆಮ್ಮಿದ, ಬೆನ್ನಿನ ಮೇಲೆ ಕೂತವನನ್ನು ಬಾಯಿಗೆ ಬಂದಂತೆ ಬೈದ. ಸಾಯಬಮ್ಮ ಆಗ ಅತ್ತಳು.

ಮೂರನೆಯ ದಿನ ಮರಿಲಿಂಗಪ್ಪ ಓಣಿಯವರನ್ನೆಲ್ಲ ಮನೆಗೆ ಕರೆಸಿದ. ಅಮರಪ್ಪನ ತಲೆಗೆ ಸುತ್ತಲೆಂದು ಹೊಸ ರುಮಾಲು ಬಿಚ್ಚಿ ಹಿಡಿದಿದ್ದ.

"ನನಗ ಗಂಡಮಕ್ಕಳಿಲ್ಲ. ಇಂವ ನನ್ನ ಜೀವಾ ಉಳಿಸ್ಯಾನ. ಇವತ್ತಿನಿಂದ ಅಮರಪ್ಪ ನನ್ನ ಮಗ, ಸಾಯಬಮ್ಮಗ ಅಣ್ಣ. ನಾಳಿ ಅಕಿನ್ನ ಕೊಟ್ಟ ಮ್ಯಾಲೆ, ಪಂಚಮಿಗೆ ಗಂಡನ ಮನಿಯಿಂದ ಕರಕೊಂಡು ಬರಾಂವ ಇಂವನೇ. ಸಾಯಬಮ್ಮ, ಅಣ್ಣಗ ಆರತಿ ಬೆಳಗವ್ವ."

ಜನ ಭೇಷ್ ಅಂದರು. ಹಿರಿಯನೊಬ್ಬ ಕಣ್ಣಲ್ಲಿ ನೀರು ತಂದುಕೊಂಡು ಮಗ ಎನ್ನುವಾಗ, ಹತ್ತು ಜನರೆದುರು ಅಮರಪ್ಪ ಬೇಡ ಅನ್ನುವುದು ಹೇಗೆ? ಯಾರೋ ಸಾಯಬಮ್ಮನ ಕೈಗೆ ಆರತಿಯ ತಟ್ಟೆ ಕೊಟ್ಟರು. ಒಮ್ಮೆ ಆರತಿ ಬೆಳಗಿದರೆ ಮುಗಿಯಿತು, ಈ ಜನ್ಮಕ್ಕೆ ಅವನು ಅಣ್ಣನೇ. ಅವಳು ತಟ್ಟೆಯನ್ನು ನೆಲಕ್ಕಿಟ್ಟಳು.

"ಅಪ್ಪಾ, ಪಂಚಮಿಗೆ ನನ್ನ ಕರಿಯಾಕ ನೀನೇ ಬಾ."

"ಎಲ್ಲಿಗವ್ವ?"

"ಅಮರಪ್ಪನ ಮನಿಗಿ."

ಮರಿಲಿಂಗಪ್ಪ ಮಗಳನ್ನು ನೋಡಿದ, ಆಮೇಲೆ ಅಮರಪ್ಪನನ್ನು ನೋಡಿದ.

"ಖರೇ ಏನಪಾ?"

"ಖರೇರಿ. ಹುಣ್ಣಿಮಿ ಆದ ಮ್ಯಾಲೆ ನಮ್ಮವ್ವ ಕೇಳಾಕ ಬರಾಕಿ ಇದ್ದಳು. ಅಷ್ಟರಾಗ ನೀವು ಮಗನ್ನ ಮಾಡಿಕೊಂಡ್ರಿ."

ಮುದುಕ ಬಿಚ್ಚಿದ ರುಮಾಲನ್ನು ಮತ್ತೆ ಮಡಚಿ ಮಗಳ ಕೈಗಿಟ್ಟ.

"ಪೆಟ್ಟಿಗ್ಯಾಗ ಇಡು. ಲಗ್ನದ ದಿನ ಸುತ್ತೂಣು."

ಅವಳು ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಕುಳಿತಳು. ರುಮಾಲನ್ನು ಎಲ್ಲ ಬಟ್ಟೆಗಳ ಮೇಲಿಟ್ಟು ಚಿಲಕ ಹಾಕಿದಳು.