ಕ್ಯಾನಿನ ಕುತ್ತಿಗೆಯ ಹಸಿರು ಬಟ್ಟೆ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ದೂರು ಠಾಣೆಗೆ ಬಂತು. ತಂದವರು ಬಂಗಲೆಯೊಂದರ ಯಜಮಾನಿ. ಕಾರಿನಲ್ಲೇ ಕೂತು ಬರೆದು ತಂದಿದ್ದರು. ಅಕ್ಷರ ದುಂಡಗಿತ್ತು. ತಮ್ಮ ಮನೆಯ ಈಜುಕೊಳದ ಪಂಪ್ ರೂಮಿನಲ್ಲಿ ಬೆಳಿಗ್ಗೆ 9.40ಕ್ಕೆ ವಿಷಗಾಳಿ ತುಂಬಿ, ಮಾಲಿ ಆಸ್ಪತ್ರೆ ದಾರಿಯಲ್ಲೇ ಪ್ರಾಣ ಬಿಟ್ಟಿದ್ದಾನೆ. ಮನೆಗೆಲಸದವಳಿಗೂ ಅವನಿಗೂ ಹಿಂದಿನ ದಿನ ಜಗಳವಾಗಿತ್ತು. ಪಂಪ್ ರೂಮಿನ ಬೀಗದ ಕೈ ಅವಳ ಬಳಿಯೂ ಇತ್ತು. ಆದ್ದರಿಂದ ಅವಳ ಮೇಲೆ ಅನುಮಾನ.

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇನ್ಸ್‌ಪೆಕ್ಟರಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಅನುಮಾನ ಯಾರ ಮೇಲೆ ಎಂಬುದು ದೂರಿನಲ್ಲೇ ಬರೆದು ಬಂದರೆ, ಆ ಮನುಷ್ಯನ ಮೇಲೆ ಅವರಿಗೆ ಮೊದಲೇ ಕನಿಕರ ಹುಟ್ಟಿಬಿಡುತ್ತಿತ್ತು. ಮೇಲಧಿಕಾರಿಗಳಿಗೆ ಇದು ಹಿಡಿಸುತ್ತಿರಲಿಲ್ಲ. ಇನ್ಸ್‌ಪೆಕ್ಟರು ಎಫ್‌ಐಆರ್ ದಾಖಲಿಸಲು ಹೇಳಿ, ದಫೇದಾರನನ್ನು ಕರೆದುಕೊಂಡು ಜೀಪು ಹತ್ತಿದರು.

ಕೊಳ ಮನೆಯ ಹಿಂದಿತ್ತು. ಹನ್ನೆರಡು ಮೀಟರ್ ಉದ್ದ, ನೀಲಿ ಟೈಲ್ಸು, ತಳದ ಗೆರೆ ಕಾಣುವಷ್ಟು ತಿಳಿ ನೀರು. ಒಬ್ಬ ಮನುಷ್ಯ ಪ್ರಾಣ ಬಿಟ್ಟ ಸುಳಿವೇ ಅದಕ್ಕೆ ಇದ್ದಂತಿರಲಿಲ್ಲ. ಪಂಪ್ ರೂಮು ನೆಲಕ್ಕಿಂತ ಐದು ಮೆಟ್ಟಿಲು ಕೆಳಗೆ. ಅಗ್ನಿಶಾಮಕದವರು ನೀರು ಹೊಡೆದು ಗಾಳಿ ಆಡಲು ಬಿಟ್ಟು ಎರಡು ಗಂಟೆಯಾಗಿದ್ದರೂ ಗಂಟಲು ಕೆರೆಯುತ್ತಿತ್ತು.

ದಫೇದಾರ ಪಂಚನಾಮೆ ಬರೆಯಲು ಕೂತ. ಬರೆಯಲು ಬಿಟ್ಟರೆ ಅವನು ಗೋಡೆಯ ಮೇಲಿನ ಇರುವೆಗಳನ್ನೂ ಎಣಿಸಿ ದಾಖಲಿಸುವ ಆಸಾಮಿ. ಒಂದು ಮೋಟಾರು. ಅದರ ಪಕ್ಕ ಮರಳು ತುಂಬಿದ ಫಿಲ್ಟರ್, ಅದರ ನೆತ್ತಿಯ ಮೇಲೆ ಒತ್ತಡ ತೋರಿಸುವ ಮೀಟರು. ಕ್ಲೋರಿನ್ ತುಂಬಿಸುವ ಬಿಳಿ ತೊಟ್ಟಿ. ಮೇಲಿನ ಮೆಟ್ಟಿಲ ಮೇಲೆ ಎರಡು ನೀಲಿ ಕ್ಯಾನು, ಎರಡೂ ಒಂದೇ ಅಳತೆ. ಒಂದರ ಲೇಬಲ್ಲಿನಲ್ಲಿ ಆಸಿಡ್ ಎಂದಿತ್ತು, ಇನ್ನೊಂದರಲ್ಲಿ ಕ್ಲೋರಿನ್. ತೊಟ್ಟಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪೈಪಿನ ಮೇಲ್ತುದಿ ಆಸಿಡ್ ಕ್ಯಾನಿನೊಳಗಿತ್ತು.

ಎರಡೂ ಒಂದೇ ಕೊಳಕ್ಕೆ ಬೇಕಾದವೇ, ಆದರೆ ಒಂದೇ ಪಾತ್ರೆಗೆ ಬೀಳಬಾರದು. ತೊಟ್ಟಿಯಲ್ಲಿ ಉಳಿದಿದ್ದ ಕ್ಲೋರಿನ್ ಮೇಲೆ ಆಸಿಡ್ ಇಳಿದು ಗಾಳಿ ಎದ್ದಿದೆ. ಆ ಗಾಳಿ ಭಾರ, ತಗ್ಗಿನಲ್ಲೇ ನಿಲ್ಲುತ್ತದೆ. ಸಂಜೆ ಬರಬೇಕಿದ್ದ ನೆಂಟರಿಗಾಗಿ ಕೊಳದ ಕಾರಂಜಿ ಹಾಕಿ ನೋಡು ಎಂದು ಯಜಮಾನಿಯೇ ಮಾಲಿಯನ್ನು ಕಳಿಸಿದ್ದರು. ಅವನು ಮೆಟ್ಟಿಲಿಳಿದು ಸ್ವಿಚ್ಚಿನ ತನಕ ಹೋಗಿದ್ದ, ವಾಪಸು ಹತ್ತಲಾಗಿರಲಿಲ್ಲ.

ಅವನನ್ನು ಹೊರಗೆಳೆದು ತಂದವನು ಕೊಳ ನೋಡಿಕೊಳ್ಳುವ ಮೇಸ್ತ್ರಿ. ಅರವತ್ತೆರಡು ವರ್ಷ. ಆ ರಸ್ತೆಯ ಆರು ಕೊಳಗಳೂ ಅವನ ಕೈಯಲ್ಲೇ ಇದ್ದವು. ಮನೆಮನೆಯಲ್ಲೂ ಅವನಿಗೆ ನೀರಿನ ಡಾಕ್ಟರ್ ಎಂಬ ಹೆಸರು. ತಾನೂ ಒಂದಿಷ್ಟು ಗಾಳಿ ಕುಡಿದು ಕೆಮ್ಮುತ್ತ, ಕೊಳದ ಅಂಚಿನ ಮೇಲೆ ಒದ್ದೆ ಕಂಬಳಿ ಹೊದ್ದು ಕೂತಿದ್ದ.

"ನಾನು ಕ್ಲೋರಿನ್ ಕ್ಯಾನಿಗೇ ಪೈಪ್ ಇಟ್ಟಿದ್ದು ಸಾರ್. ಲೇಬಲ್ ಓದೇ ಇಟ್ಟಿದ್ದು."

"ಮತ್ತೆ ಇದು ಹೇಗಾಯ್ತು?"

"ತೊಟ್ಟಿ ತುಂಬೋಕೆ ಹತ್ತು ನಿಮಿಷ ಬೇಕು. ಆ ಹೊತ್ತಲ್ಲಿ ನಾನು ಆ ತುದೀಲಿ ಟೈಲ್ಸ್ ಉಜ್ತಾ ಇರ್ತೀನಿ. ಯಾರೋ ಪೈಪ್ ಬದಲಾಯಿಸಿದ್ದಾರೆ."

"ಯಾರು?"

ಮೇಸ್ತ್ರಿ ಕಂಬಳಿ ಎಳೆದುಕೊಂಡ. "ಈ ಕಡೆ ಓಡಾಡೋದು ಅವಳೊಬ್ಬಳೇ" ಎಂದ.

ಕೆಲಸದವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟಳು. ಒರೆಸಿದ ನೆಲದ ಮೇಲೆ ಕೆಸರುಗಾಲಿನಲ್ಲಿ ಬಂದನೆಂದು ಮಾಲಿಯನ್ನು ಬೈದದ್ದು ನಿಜ. ಬೈದವರೆಲ್ಲ ಕೊಲ್ಲುತ್ತಾರಾ ಎಂದು ಇನ್ಸ್‌ಪೆಕ್ಟರನ್ನೇ ಕೇಳಿದಳು. ನೆಂಟರು ಬರುತ್ತಾರೆ, ಪಂಪ್ ರೂಮೂ ಚೊಕ್ಕಟ ಮಾಡು ಎಂದು ಅಮ್ಮಾವರು ಹೇಳಿದ್ದರಿಂದ ಬುಧವಾರ ಸಂಜೆ ಅಲ್ಲಿ ಗುಡಿಸಿದ್ದಳು. ಜೇಡರ ಬಲೆ ತೆಗೆದಿದ್ದಳು. ಕ್ಯಾನಿನ ಕುತ್ತಿಗೆಗೆ ಕಟ್ಟಿದ್ದ ಕೊಳಕು ಬಟ್ಟೆಯೊಂದನ್ನು ಬಿಚ್ಚಿ ಒಗೆದು ಹಾಕಿದ್ದಳು.

"ಯಾವ ಕ್ಯಾನಿಂದು?"

"ಗಮನಿಸಲಿಲ್ಲ ಸಾರ್. ಎರಡೂ ಒಂದೇ ಥರ ಇದಾವಲ್ಲ."

ಹಿತ್ತಿಲ ತಂತಿಯ ಮೇಲೆ ಎರಡು ಟವೆಲುಗಳ ನಡುವೆ ಆ ಬಟ್ಟೆ ಒಣಗುತ್ತಿತ್ತು. ಒಂದು ಗೇಣುದ್ದದ ಹಸಿರು ಚೂರು, ಮಾಲಿಯ ಹಳೆ ಅಂಗಿಯಿಂದ ಹರಿದದ್ದೆಂದು ಅವಳೇ ಗುರುತು ಹಿಡಿದಳು. ದಫೇದಾರ ಅದನ್ನೂ ಪಂಚನಾಮೆಯಲ್ಲಿ ಬರೆದ. ಯಾಕೆ ಎಂದು ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ, ಕಂಡಿತು, ಬರೆದ.

ಮಧ್ಯಾಹ್ನ ಅವಳನ್ನು ವಿಚಾರಣೆಗೆ ಠಾಣೆಗೆ ಕರೆತಂದರು. ಜೀಪು ಹತ್ತುವ ಮೊದಲು ಯಜಮಾನಿ ಅವಳಿಂದ ಮನೆಯ ಬೀಗದ ಕೈ ವಾಪಸು ಪಡೆದುಕೊಂಡರು. ಸಾಯಂಕಾಲದೊಳಗೆ ರಸ್ತೆಗೆಲ್ಲ ಸುದ್ದಿಯಾಯಿತು. ಮೇಲಿನಿಂದ ಫೋನು ಬಂತು: ಕೇಸು ಸ್ಪಷ್ಟವಾಗಿದೆಯಲ್ಲ, ಇನ್ನೂ ಯಾಕೆ ಎಳೆಯುತ್ತೀರಿ, ಶನಿವಾರದೊಳಗೆ ಅರೆಸ್ಟ್ ತೋರಿಸಿ. ಇನ್ಸ್‌ಪೆಕ್ಟರು ಹೂಂ ಎಂದರು. ಮಹಿಳಾ ಪೇದೆಯ ಪಕ್ಕದ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ ಅವಳನ್ನು ನೋಡಿದರು. ಎರಡು ದಿನದಲ್ಲಿ ಬೇರೇನೂ ಸಿಗದಿದ್ದರೆ ಕೊಲೆಗಾರಳೆಂದು ಬರೆಯಬೇಕಾದದ್ದು ಇವಳನ್ನೇ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮತ್ತೆ ಬಂಗಲೆಗೆ ಹೋದರು. ಪಂಪ್ ರೂಮಿನ ಮೊಳೆಗೆ ನೇತುಹಾಕಿದ್ದ ಪುಸ್ತಕವನ್ನು ದಫೇದಾರ ಹಿಂದಿನ ದಿನವೇ ವಶಪಡಿಸಿಕೊಂಡಿದ್ದ. ಪ್ರತಿ ಭೇಟಿಯಲ್ಲೂ ನೀರು ಪರೀಕ್ಷಿಸಿ ಅಂಕಿ ಬರೆಯುವ ಪುಸ್ತಕ ಅದು. ಒಂದು ಕೊಳವೆಯಲ್ಲಿ ನೀರು ತುಂಬಿ, ಸೀಸೆಯಿಂದ ಐದು ಹನಿ ಹಾಕಿ ಅಲುಗಿಸಿದರೆ ಬಣ್ಣ ಬರುತ್ತದೆ. ಪಕ್ಕದ ಪಟ್ಟಿಯ ಬಣ್ಣಕ್ಕೆ ಹೋಲಿಸಿದರೆ ನೀರಿನ ಆಮ್ಲ-ಕ್ಷಾರದ ಅಂಕಿ ತಿಳಿಯುತ್ತದೆ. ಮೂರು ವರ್ಷದ ಹಿಂದಿನ ಪುಟಗಳಲ್ಲಿ ಅಂಕಿಗಳು ಸಾಸಿವೆಯಷ್ಟು ಸಣ್ಣಗೆ, ಗೆರೆಯ ಮೇಲೆ ನೇರವಾಗಿದ್ದವು. ಬರಬರುತ್ತ ದೊಡ್ಡದಾಗಿದ್ದವು. ಈ ವರ್ಷದವು ಎರಡೆರಡು ಗೆರೆ ನುಂಗಿ ಅಂಚಿನಾಚೆ ಜಾರಿದ್ದವು.

ಗೇಟಿನ ಹಾಜರಿ ಪುಸ್ತಕ ತರಿಸಿ ಇನ್ಸ್‌ಪೆಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರು. ಮಾಲಿ ಬಂದ ದಿನಗಳಲ್ಲಿ ಅಂಕಿ ಏರಿಳಿದಿತ್ತು: ಏಳು ಪಾಯಿಂಟ್ ಎರಡು, ಏಳು ಪಾಯಿಂಟ್ ಎಂಟು. ಮಾಲಿ ರಜೆ ಹಾಕಿದ ಒಂಬತ್ತು ದಿನವೂ ಒಂದೇ ಅಂಕಿ, ಏಳು ಪಾಯಿಂಟ್ ನಾಲ್ಕು.

"ಮಾಲಿ ರಜೆ ಹಾಕಿದ್ರೆ ನೀರು ಕೆಡೋದೇ ಇಲ್ವಾ ಸಾರ್?" ಎಂದ ದಫೇದಾರ. ತಮಾಷೆಗೆ ಅಂದದ್ದು. ಇನ್ಸ್‌ಪೆಕ್ಟರು ನಗಲಿಲ್ಲ.

ಅವರು ಆಸಿಡ್ ಕ್ಯಾನಿನ ಹತ್ತಿರ ಹೋಗಿ ಮೊಣಕಾಲೂರಿ ಕೂತು ಕುತ್ತಿಗೆ ನೋಡಿದರು. ಬಟ್ಟೆ ಕಟ್ಟಿದ್ದ ಜಾಗದಲ್ಲಿ ಸುತ್ತ ಒಂದು ಶುಭ್ರ ಪಟ್ಟಿ ಉಳಿದಿತ್ತು. ಮೇಲೂ ಕೆಳಗೂ ನೀರು ಹೊಡೆದರೂ ಹೋಗದ ಹಳೆ ಕೊಳೆ. ಕ್ಲೋರಿನ್ ಕ್ಯಾನಿನ ಕುತ್ತಿಗೆ ಪೂರ್ತಿ ಕೊಳೆ. ಕಣ್ಣು ಮುಚ್ಚಿ ಎರಡನ್ನೂ ಸವರಿದರು. ಬಟ್ಟೆಯಿಲ್ಲದೆ ಎರಡೂ ಒಂದೇ.

ವಿಷಯ ಅಲ್ಲೇ ಹೊಳೆದುಬಿಟ್ಟಿತು. ಆದರೆ ಹೊಳೆದದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ಅವರು ಮಾಡಿದ ಏರ್ಪಾಡು ಅವರಿಗೇ ಸಣ್ಣ ಬುದ್ಧಿ ಅನ್ನಿಸಿತು, ಆದರೂ ಮಾಡಿದರು.

ಶನಿವಾರ ಬೆಳಿಗ್ಗೆ 10.30ಕ್ಕೆ ಮೇಸ್ತ್ರಿಯನ್ನು ಕೊಳದ ಬಳಿ ಕರೆಸಿದರು. ಇಬ್ಬರು ಪಂಚರಿದ್ದರು. ಕೆಲಸದವಳನ್ನೂ ಕರೆತಂದು ದೂರದಲ್ಲಿ ನಿಲ್ಲಿಸಿದ್ದರು. ನೀರು ಹಸಿರುಗಟ್ಟದಂತೆ ಮೋಟಾರು ಹಾಕಿತ್ತು. ಮೇಸ್ತ್ರಿ ಬಂದವನೇ ತಲೆ ಓರೆಮಾಡಿ ಕೇಳಿಸಿಕೊಂಡ.

"ಮೋಟಾರಿನ ಬುಟ್ಟೀಲಿ ಎಲೆ ಸಿಕ್ಕಿದೆ ಸಾರ್. ಗಾಳಿ ಎಳೀತಿದೆ. ಹೀಗೇ ಬಿಟ್ರೆ ಸುಟ್ಟು ಹೋಗುತ್ತೆ."

ದಫೇದಾರ ಮೋಟಾರು ನಿಲ್ಲಿಸಿ ಮುಚ್ಚಳ ತೆಗೆದು ನೋಡಿದ. ಬುಟ್ಟಿಯ ತುಂಬ ಎಲೆ. ಆ ಕಿವಿಗೆ ಇನ್ಸ್‌ಪೆಕ್ಟರು ಮನಸ್ಸಿನಲ್ಲೇ ಕೈಮುಗಿದರು. ಆಮೇಲೆ ಪರೀಕ್ಷೆಯ ಪೆಟ್ಟಿಗೆ ಕೊಟ್ಟು, ನೀರು ನೋಡಿ ಹೇಳಪ್ಪಾ ಎಂದರು.

ಮೇಸ್ತ್ರಿ ಮೊಣಕಾಲೂರಿ ಕೊಳವೆ ಮುಳುಗಿಸಿದ. ಹೆಬ್ಬೆರಳಿನಿಂದ ಗುರುತಿನ ಗೆರೆ ಹುಡುಕಿ ಹೆಚ್ಚಿನ ನೀರು ಚೆಲ್ಲಿದ. ಸೀಸೆ ಬಗ್ಗಿಸಿ ಐದು ಹನಿ ಬಿಟ್ಟ. ಒಂದೊಂದನ್ನೂ ಬಾಯಲ್ಲಿ ಎಣಿಸಿದ. ಮುಚ್ಚಿ ಅಲುಗಿಸಿ, ಬಿಳಿ ಗೋಡೆಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದ.

"ಏಳು ಪಾಯಿಂಟ್ ನಾಲ್ಕು ಸಾರ್. ಸರಿಯಾಗಿದೆ."

ಕೊಳವೆಯಲ್ಲಿದ್ದ ನೀರಿಗೆ ಬಣ್ಣವೇ ಇರಲಿಲ್ಲ. ಬೆಳಿಗ್ಗೆ ದಫೇದಾರ ಸೀಸೆ ಬರಿದು ಮಾಡಿ ತೊಳೆದು ಬರೀ ನೀರು ತುಂಬಿಟ್ಟಿದ್ದ.

"ದೊಡ್ಡಪ್ಪಾ" ಎಂದಳು ಕೆಲಸದವಳು, ನಿಂತಲ್ಲಿಂದಲೇ. "ನಿಂಗೆ ಕಣ್ಣು ಕಾಣಲ್ವಾ?"

ಮೇಸ್ತ್ರಿಯ ಕೈ ಕೆಳಗಿಳಿಯಿತು. ಅವನು ಆ ದನಿ ಬಂದ ಕಡೆ ತಿರುಗಿದ, ನೋಟ ಮಾತ್ರ ಅವಳ ಪಕ್ಕಕ್ಕೆ ಬಿತ್ತು.

ಹೇಳಿಕೆ ಹತ್ತೇ ನಿಮಿಷದ್ದು. ಎರಡು ವರ್ಷದಿಂದ ಮಂಜು ಮುಸುಕಿದ ಹಾಗಿತ್ತು. ಮೀಟರು ಓದಲಾಗದಿದ್ದರೂ ಫಿಲ್ಟರಿನ ಮೇಲೆ ಅಂಗೈ ಇಟ್ಟರೆ ಒತ್ತಡ ತಿಳಿಯುತ್ತಿತ್ತು. ಬಣ್ಣ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಬಣ್ಣ ನೋಡಿ ಹೇಳುತ್ತಿದ್ದವನು ಮಾಲಿ. ಆಸಿಡ್ ಕ್ಯಾನಿಗೆ ತನ್ನ ಅಂಗಿ ಹರಿದು ಕಟ್ಟಿಕೊಟ್ಟವನೂ ಅವನೇ: ಬಟ್ಟೆ ಸಿಕ್ಕರೆ ಮುಟ್ಟಬೇಡ ಅಣ್ಣಯ್ಯಾ ಎಂದಿದ್ದನಂತೆ. ಗುರುವಾರ ಮಾಲಿ ಮುಂಬಾಗಿಲಲ್ಲಿ ಹೂಕುಂಡ ಜೋಡಿಸುತ್ತಿದ್ದ. ಮೇಸ್ತ್ರಿ ಮೊದಲು ಕೈಗೆ ಸಿಕ್ಕ ಕ್ಯಾನನ್ನು ಸವರಿದ, ಬಟ್ಟೆಯಿರಲಿಲ್ಲ, ಪೈಪ್ ಇಟ್ಟ. ಮೂವತ್ತು ವರ್ಷ ಕ್ಲೋರಿನ್ ಕುಡಿದ ಮೂಗಿಗೆ ವಾಸನೆಯ ವ್ಯತ್ಯಾಸವೂ ತಿಳಿಯಲಿಲ್ಲ.

"ಅವಳ ಮೇಲೆ ಯಾಕೆ ಹಾಕಿದೆ?"

"ನೀವು ಯಾರು ಅಂತ ಕೇಳಿದ್ರಿ. ಬಾಯಿಗೆ ಬಂದುಬಿಡ್ತು. ಆಮೇಲೆ ವಾಪಸ್ ತಗೊಳೋಕೆ ಆಗ್ಲಿಲ್ಲ ಸಾರ್." ಉಸಿರು ಎಳೆದುಕೊಂಡ. "ಕುರುಡ ಅಂತ ಗೊತ್ತಾದ್ರೆ ಕೊಳದ ಹತ್ತಿರ ಯಾರು ಬಿಟ್ಕೊಳ್ತಾರೆ? ಮನೇಲಿ ಮೂಲೆಗೆ ಕೂರಿಸಿ ತಟ್ಟೆ ಮುಂದಿಡ್ತಾರೆ. ನೀರು ಬಿಟ್ರೆ ನಂಗೆ ಬೇರೇನೂ ಗೊತ್ತಿಲ್ಲ."

11.20ಕ್ಕೆ ದಸ್ತಗಿರಿ. ನಿರ್ಲಕ್ಷ್ಯದಿಂದ ಸಾವು, ಸುಳ್ಳು ಹೇಳಿಕೆ. ಕೆಲಸದವಳನ್ನು ಬಿಟ್ಟರು. ಅವಳನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಇನ್ಸ್‌ಪೆಕ್ಟರು ಯಜಮಾನಿಯನ್ನು ಕೇಳಿದರು. ನಿನ್ನೆಯೇ ಬೇರೆಯವಳು ಬಂದಾಯಿತು, ಇಷ್ಟೆಲ್ಲ ಆದಮೇಲೆ ಹೇಗೆ ಇಟ್ಟುಕೊಳ್ಳುವುದು ಎಂದರು ಯಜಮಾನಿ. ಅಕ್ಕಪಕ್ಕದ ಮನೆಗಳಲ್ಲೂ ಅದೇ ಉತ್ತರ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಗೇಟು ದಾಟಿದವಳು ಯಾವ ಕಡೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ರಸ್ತೆಯಲ್ಲೇ ನಿಂತಿದ್ದಳು.

ಮಧ್ಯಾಹ್ನ ಎರಡಕ್ಕೆ ಮೇಸ್ತ್ರಿಯನ್ನು ವೈದ್ಯಕೀಯ ತಪಾಸಣೆಗೆ ಕರೆದೊಯ್ದರು. ಡಾಕ್ಟರು ಟಾರ್ಚು ಹಿಡಿದು ಎರಡೂ ಕಣ್ಣು ನೋಡಿ, ಬರೆಯುತ್ತಲೇ ಹೇಳಿದರು.

"ಪೊರೆ ಬಂದಿದೆ ಅಷ್ಟೇ. ಅರ್ಧ ಗಂಟೆ ಆಪರೇಶನ್. ಎಲ್ಲಾ ಕಾಣುತ್ತೆ. ಇಷ್ಟು ದಿನ ಯಾಕೆ ತೋರಿಸ್ಲಿಲ್ಲ?"

ಇನ್ನು ಯಾವ ಡಾಕ್ಟರಿಂದಲೂ ಆಗದು ಎಂಬ ಮಾತು ಕಿವಿಗೆ ಬೀಳುತ್ತದೆಂಬ ಹೆದರಿಕೆಗೇ ಅವನು ಎರಡು ವರ್ಷ ಈ ಬಾಗಿಲು ತುಳಿದಿರಲಿಲ್ಲ. ಬೇಡಿ ಹಾಕಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಡಾಕ್ಟರು ಸಹಿ ಹಾಕಿ ಹೋದ ಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿದ.

"ಮಾಲಿ ದಿನಾ ಬೈತಿದ್ದ ಸಾರ್, ಆಸ್ಪತ್ರೆಗೆ ಹೋಗೋಣ ಬಾ ಅಂತ. ಬರೋ ಭಾನುವಾರ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ ಅಂದಿದ್ದ. ಒಪ್ಕೊಂಡಿದ್ದೆ."

ನಾಳೆ ಭಾನುವಾರ. ಇನ್ಸ್‌ಪೆಕ್ಟರು ಮೇಸ್ತ್ರಿಯ ಮೊಣಕೈ ಹಿಡಿದು ಎಬ್ಬಿಸಿದರು, ಮುಂದೆ ಮೂರು ಮೆಟ್ಟಿಲಿದೆ ನೋಡಿಕೊಂಡು ಇಳಿ ಎಂದು ಹೇಳಿ ಜೀಪಿನ ತನಕ ನಡೆಸಿಕೊಂಡು ಹೋದರು.