ಬಗ್ಗಲಾರದ ಇಬ್ಬರು

"ನೋಡ್ತಾ ನಿಂತಿದ್ದೀರಲ್ಲ... ಸ್ವಲ್ಪ ಎತ್ತಿಕೊಡೋಕಾಗಲ್ವಾ?"

ಫಿಸಿಯೋಥೆರಪಿ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವಳ ಫೈಲು ಜಾರಿ ಬಿದ್ದಿತ್ತು. ಹದಿನಾರು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು ಸವೆದ ಬೆನ್ನು. ಬಗ್ಗಿದರೆ ಸೊಂಟದಿಂದ ಹಿಮ್ಮಡಿಯವರೆಗೂ ನೋವು ಸಿಡಿಯುತ್ತಿತ್ತು.

ಎದುರಿಗಿದ್ದವನು ಅಲುಗಾಡಲಿಲ್ಲ. 'ಎಂಥ ಕೊಬ್ಬು!'

ಅವನು ಮೆಲ್ಲಗೆ ಅಂಗಿಯ ಅಂಚು ಎತ್ತಿ ತೋರಿಸಿದ. ಬೆನ್ನುನೋವಿಗೆ ಕಟ್ಟುವ ಸೊಂಟದ ಬೆಲ್ಟು!

"ಬಸ್ ಡ್ರೈವರ್ ನಾನು. ನನಗೂ ನಿಮ್ಮದೇ ಕಾಯಿಲೆ, ಟೈಲರಮ್ಮ."

ಅಳತೆಯ ಟೇಪು ಇನ್ನೂ ಕೊರಳಲ್ಲೇ ಇದ್ದದ್ದು ಅವಳಿಗೆ ಆಗ ಗೊತ್ತಾಯಿತು. ನಾಚಿಕೆ, ನಗು ಒಟ್ಟಿಗೇ ಬಂದವು. ನಕ್ಕರೂ ಬೆನ್ನು ನೋಯುತ್ತಿತ್ತು... ಕೊನೆಗೆ ಫೈಲನ್ನು ಕ್ಲಿನಿಕ್ಕಿನ ಆಯಾ ಎತ್ತಿಕೊಟ್ಟಳು.

ಎರಡು ತಿಂಗಳು ಪಕ್ಕಪಕ್ಕದ ಮಂಚಗಳಲ್ಲಿ ವ್ಯಾಯಾಮ, ಪರದೆಯಾಚೆಯಿಂದ ಮಾತು. ಮಗ್ಗುಲು ಬದಲಿಸುವ ಪಾಡು, ತುಂಬಿದ ಬಕೆಟ್ಟು ಎತ್ತಲಾಗದ ಸ್ನಾನ... ಬೇರೆಯವರಿಗೆ ಹೇಳಿ ಹೇಳಿ ದಣಿದಿದ್ದನ್ನು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಒಂದು ದಿನ ಅವಳೆಂದಳು, "ನಂದು ಪೂರ್ತಿ ವಾಸಿಯಾಗಲ್ವಂತೆ ರೀ."

ಮರುದಿನದಿಂದ ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ.

"ಕೈಕೊಟ್ಟ ಕಣೇ," ಅಂದಳು ಅತ್ತಿಗೆ. "ಈ ಸೊಂಟ ನೋಡಿ ಯಾರು ಮದುವೆಯಾಗ್ತಾರೆ?"

'ನಿಜ... ನಾನಾಗಿದ್ರೂ ಆಗ್ತಿರಲಿಲ್ಲ.' ಜಗಳವಾಡಲೂ ಅವಳಲ್ಲಿ ಶಕ್ತಿಯಿರಲಿಲ್ಲ.

ಹತ್ತನೇ ದಿನ ಮನಸ್ಸು ತಡೆಯಲಿಲ್ಲ. ಆಯಾಳಿಂದ ವಿಳಾಸ ಪಡೆದು ಹೊರಟಳು. ಎರಡು ಮಹಡಿ; ನಾಲ್ಕು ಮೆಟ್ಟಿಲಿಗೊಮ್ಮೆ ಕಂಬಿ ಹಿಡಿದು ನಿಂತಳು. ಬಾಗಿಲು ತೆರೆದ ಅವನ ಅಕ್ಕ ಒಳಕೋಣೆಗೆ ಕೈತೋರಿಸಿ ಅಡುಗೆಮನೆಗೆ ಸರಿದಳು.

ಅವನು ಚಾಪೆಯ ಮೇಲೆ ಮೊಣಕಾಲು ಮಡಚಿ ಮಲಗಿದ್ದ. ಗಡ್ಡ ಬೆಳೆದಿತ್ತು.

"ಅವತ್ತು ಸಂಜೆಯೇ ಬೆನ್ನು ಹಿಡ್ಕೊಂಡ್ಬಿಡ್ತು. ಡ್ರೈವಿಂಗ್ ಮುಗೀತು ಅಂದ್ರು ಡಾಕ್ಟ್ರು. ನಿಮ್ಮನ್ನ ನೋಡ್ಕೋಬೇಕು ಅಂದ್ಕೊಂಡಿದ್ದವನು... ಯಾವ ಮುಖ ಇಟ್ಕೊಂಡು ಫೋನ್ ಎತ್ತಲಿ?"

"ನೋಡ್ಕೊಳ್ಳಿ ಅಂತ ನಾನು ಕೇಳಿದ್ನಾ?" ಅವಳು ಗೋಡೆಗೆ ಒರಗಿದಳು. "ಹೇಳದೇ ದೂರ ಆದ್ರಲ್ಲ... ಸೊಂಟದ ನೋವಿಗೆ ಮಾತ್ರೆಯಾದ್ರೂ ಇದೆ ರೀ!"

ಅವನ ಕಣ್ಣು ತುಂಬಿತು.

"ತಪ್ಪಾಯ್ತು. ನೀವಿಲ್ಲದೆ ಆಗಲ್ಲ ನಂಗೆ."

ಅವಳಿಗೆ ಇನ್ನು ನಿಲ್ಲಲಾಗಲಿಲ್ಲ. ಗೋಡೆ ಹಿಡಿದು, ಮಂಡಿಯೂರಿ, ಇಂಚಿಂಚಾಗಿ ಜಾರಿ ಅವನ ಪಕ್ಕದಲ್ಲೇ ನೆಲಕ್ಕೆ ಬೆನ್ನು ಹಚ್ಚಿ ಮಲಗಿದಳು. ಅವನ ಬೆರಳುಗಳು ಅವಳ ಕೈಯನ್ನು ಹುಡುಕಿದವು.

"ಮಲಗಿಬಿಟ್ರಿ... ಈಗ ಏಳೋದು ಹೇಗೆ?"

"ಗೊತ್ತಿಲ್ಲ."

"ಅಕ್ಕನ್ನ ಕರೀಲಾ?"

"ಬೇಡ... ಇನ್ನೂ ಸ್ವಲ್ಪ ಹೊತ್ತು."