ಎರಡನೆಯ ಮುಖ

ಹಳಿಯಾಳದಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. ಹೊಸ ಫೋನಿನ ತಂಟೆಗಳೆಲ್ಲ ನನಗೆ ಬಾಯಿಪಾಠ. ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ತೇರಗಾಂವದ ದೇವಿಬಾಯಿ ಬಂದು, ನನ್ನೆದುರಿನ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಕೂತರು.

“ಹೊಸಾ ಫೋನ್ ಐತ್ರಿ. ಮಾರಿ ತೋರಸದಿದ್ರೂ ತಾನ ಲಾಕ್ ತಗೀತೈತಿ.”

ಸೆಟ್ಟಿಂಗ್ಸ್‌ನಲ್ಲಿ ಎರಡು ಮುಖ ದಾಖಲಾಗಿದ್ದವು.

“ಇನ್ನೊಂದು ಯಾರದ್ರೀ?”

“ಬ್ಯಾರೆ ಯಾರೂ ಮುಟ್ಟಿಲ್ರೀ. ಹೊಸಾದ್ದು ಏನ ತಂದ್ರೂ ಮೊದಲ ತೀರಿಹೋದ ಹಿರಿಯಾರ ಮುಂದ ಇಡತೇವಿ. ಇದನ್ನೂ ಅವರಂತ ಪೂಜಿ ಮಾಡೂ ತೆಂಗಿನಕಾಯಿ ಎದುರಿಗೆ ಇಟ್ಟಿದ್ದೆ.”

“ಇನ್ನ ಮ್ಯಾಲೆ ಬಂದ್ ಮಾಡಿ ಇಡ್ರಿ.”

“ಬಂದ್ ಮಾಡಿದ್ರ ಅವರಿಗೆ ಹೆಂಗ ಕಾಣತೈತ್ರೀ?”

ನಾನು ನಕ್ಕು ಎರಡೂ ಮುಖ ಅಳಿಸಿ, ಅವರದೊಂದನ್ನೇ ಹೊಸದಾಗಿ ಸೇರಿಸಿದೆ. ಅರ್ಧ ಗಂಟೆ ಚಾರ್ಜಿಗೆ ಹಾಕಿದ್ದರೂ ಫೋನು ನೀರಿನ ಕೊಡದ ಹಾಗೆ ತಣ್ಣಗಿತ್ತು. ನನ್ನ ಮುಖಕ್ಕೆ ಹಿಡಿದೆ, ತೆರೆಯಲಿಲ್ಲ. ಅವರ ಮುಖಕ್ಕೆ ಹಿಡಿದೆ, ತೆರೆಯಿತು. ಮತ್ತೆ ಲಾಕ್ ಮಾಡಿ ಅವರಿಗೆ ಕೊಡಲು ಕೈ ಚಾಚಿದಾಗ ಫೋನಿನ ಪರದೆ ಅವರ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿತು. ಲಾಕ್ ತೆರೆಯಿತು.

ದೇವಿಬಾಯಿ ಫೋನು ತೆಗೆದುಕೊಂಡು ಎದ್ದರು. “ಬರ್ರಿ, ಹೋಗೂಣು,” ಎಂದರು. ನನಗಲ್ಲ.

ಅವರು ಹೋದ ಮೇಲೆ ಕುರ್ಚಿಗಳನ್ನು ಒಳಗೆ ಸರಿಸಿದೆ. ಅವರು ಕೂತಿದ್ದ ಕುರ್ಚಿ ಬೆಚ್ಚಗಿತ್ತು. ಇನ್ನೊಂದು ಆ ಫೋನಿನಷ್ಟೇ ತಣ್ಣಗಿತ್ತು.